ಜೋಳದ ಹೊಲದ ಹಳದಿ ಗುಬ್ಬಿ: ಕರಿತಲೆ ಬಂಟಿಂಗ್ ನೋಡುವುದು ಹೇಗೆ?

ಅಣ್ಣಿಗೇರಿ ದಾಟಿ ಗದಗ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಜನವರಿಯ ಒಂದು ಬೆಳಗ್ಗೆ, ಏಳೂವರೆ ಹೊತ್ತಿಗೆ, ನಾನು ಅಲ್ಲೊಂದು ಬದುವಿನ ಮೇಲೆ ನಿಂತಿದ್ದೆ. ಬಿಳಿ ಜೋಳ ಎದೆಮಟ್ಟ ಬೆಳೆದು ತೆನೆ ಹೊತ್ತಿತ್ತು. ಹೊಲದ ನಡುವಿನ ಅಟ್ಟದ ಮೇಲಿಂದ ಯಾರೋ ಕವಣಿ ಬೀಸಿದರು. ಕಲ್ಲು ಬಿದ್ದ ಕಡೆಯಿಂದ ನೂರಾರು ಹಕ್ಕಿ ಒಮ್ಮೆಲೇ ಎದ್ದವು. ಎದ್ದಾಗ ಮಣ್ಣಿನ ಬಣ್ಣ, ತಿರುಗಿದಾಗ ಹಳದಿ. ಬಿಸಿಲಿಗೆ ಯಾರೋ ಕುಸುಬಿ ಹೂವು ತೂರಿದ ಹಾಗಿತ್ತು. ಒಂದು ಸುತ್ತು ಹಾಕಿ, ಹೊಲದಂಚಿನ ಜಾಲಿ ಗಿಡದ ಮೇಲೆ ಸಾಲಾಗಿ ಕೂತವು.

ನಮ್ಮ ಕಡೆ ಇವನ್ನೂ ಗುಬ್ಬಿ ಅಂತಲೇ ಕರೆಯುತ್ತಾರೆ. ಗಾತ್ರ ಗುಬ್ಬಿಯದ್ದು, ಕೊಕ್ಕು ಗುಬ್ಬಿಯದ್ದು, ತಿನ್ನುವುದೂ ಕಾಳೇ. ಆದರೆ ಇದು ಊರ ಗುಬ್ಬಿಯ ಮನೆತನದ್ದಲ್ಲ. ಇದರ ಹೆಸರು ಬ್ಲ್ಯಾಕ್-ಹೆಡೆಡ್ ಬಂಟಿಂಗ್. ನಾನು ಇಲ್ಲಿ ಕರಿತಲೆ ಬಂಟಿಂಗ್ ಎನ್ನುತ್ತೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರು ಇದನ್ನು ನೋಡಲು ದೂರ ಹೋಗಬೇಕಿಲ್ಲ. ಒಂದು ಬೈಕು, ಒಂದು ದುರ್ಬೀನು, ಒಂದು ನೋಟ್‌ಬುಕ್ ಸಾಕು. ಜೊತೆಗೆ ಚಳಿಗಾಲದ ನಾಲ್ಕೈದು ಭಾನುವಾರ ಬೇಕು.

ಹೆಜ್ಜೆ 1: ಬರುವವರು ಯಾರು ಅಂತ ತಿಳಿದುಕೊಳ್ಳಿ

ಈ ಹಕ್ಕಿ ಮರಿ ಮಾಡುವುದು ಗ್ರೀಸ್, ಬಾಲ್ಕನ್ ನಾಡುಗಳು, ಟರ್ಕಿ, ಇರಾನ್ ಕಡೆ. ಅಲ್ಲಿನ ದ್ರಾಕ್ಷಿ ತೋಟ, ಆಲಿವ್ ತೋಪು, ಕುರುಚಲು ಬಯಲುಗಳಲ್ಲಿ ಕುಳ್ಳ ಪೊದೆಯೊಳಗೆ ಬಟ್ಟಲಿನಂಥ ಗೂಡು ಕಟ್ಟುತ್ತದೆ. ನಾಲ್ಕರಿಂದ ಆರು ಮೊಟ್ಟೆ. ಎರಡು ವಾರದೊಳಗೆ ಮರಿ ಹೊರಬರುತ್ತದೆ. ಮರಿಗಳಿಗೆ ಹುಳು-ಹುಪ್ಪಟೆ ತಿನ್ನಿಸುತ್ತದೆ, ತಾನು ದೊಡ್ಡದಾದ ಮೇಲೆ ಮುಖ್ಯವಾಗಿ ಕಾಳು.

ಆ ಕಡೆಯ ಹಕ್ಕಿಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುತ್ತವೆ. ಕರಿತಲೆ ಬಂಟಿಂಗ್ ಹಾಗಲ್ಲ, ಪೂರ್ವಕ್ಕೆ ಮುಖ ಮಾಡುತ್ತದೆ. ಇರಾನ್, ಪಾಕಿಸ್ತಾನದ ಮೇಲಿಂದ ಹಾದು ಭಾರತಕ್ಕೆ ಇಳಿಯುತ್ತದೆ. ಜಗತ್ತಿನ ಕರಿತಲೆ ಬಂಟಿಂಗ್‌ಗಳಲ್ಲಿ ಬಹುಪಾಲು ಚಳಿಗಾಲ ಕಳೆಯುವುದು ಪಶ್ಚಿಮ ಮತ್ತು ಮಧ್ಯ ಭಾರತದ ಹೊಲಗಳಲ್ಲೇ. ಟರ್ಕಿಯ ನಡುಭಾಗದಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೂ ಸುಮಾರು 5000 ಕಿಲೋಮೀಟರ್. ಅಷ್ಟು ದೂರವನ್ನು ಮುಷ್ಟಿಯೊಳಗೆ ಹಿಡಿಯುವಷ್ಟು ಪುಟ್ಟ ಜೀವ ವರ್ಷಕ್ಕೆ ಎರಡು ಸಲ ದಾಟುತ್ತದೆ. ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಹಗಲು ಇಳಿದು ಕಾಳು ತಿನ್ನುತ್ತದೆ, ಕತ್ತಲಾದ ಮೇಲೆ ಮತ್ತೆ ಹಾರುತ್ತದೆ.

ಇಲ್ಲೊಂದು ಲೆಕ್ಕವಿದೆ. ಅದು ತಿಳಿದ ಮೇಲೆ ನನಗೆ ಈ ಹಕ್ಕಿಯ ಮೇಲಿನ ನೋಟವೇ ಬದಲಾಯಿತು. ತನ್ನ ಮರಿ ಮಾಡುವ ಊರನ್ನು ಇದು ತಲುಪುವುದು ಏಪ್ರಿಲ್ ಕೊನೆ, ಮೇ ಹೊತ್ತಿಗೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಅಲ್ಲಿಂದ ಹೊರಟೇಬಿಡುತ್ತದೆ. ಅಂದರೆ ಅಲ್ಲಿ ಇರುವುದು ಮೂರು ತಿಂಗಳ ಆಸುಪಾಸು. ನಮ್ಮ ದೇಶದ ಹೊಲಗಳಲ್ಲಿ ಇರುವುದು ಅದರ ಎರಡು ಪಟ್ಟು. ನಾವು ಇದನ್ನು ವಿದೇಶಿ ಅತಿಥಿ ಅನ್ನುತ್ತೇವೆ. ವರ್ಷದ ಹೆಚ್ಚು ದಿನ ನಮ್ಮ ಜೋಳ ತಿಂದು, ನಮ್ಮ ಜಾಲಿ ಗಿಡದಲ್ಲಿ ಮಲಗುವ ಹಕ್ಕಿಯನ್ನು ಯಾವ ಊರಿನದು ಅನ್ನಬೇಕು? ನನ್ನ ಮಟ್ಟಿಗೆ ಅದು ಅಣ್ಣಿಗೇರಿಯದ್ದೇ, ಹೆರಿಗೆಗೆ ಮಾತ್ರ ಟರ್ಕಿಗೆ ಹೋಗಿ ಬರುತ್ತದೆ.

ಹೆಜ್ಜೆ 2: ಹಬ್ಬದ ಲೆಕ್ಕದಲ್ಲಿ ಕಾಲ ಗೊತ್ತುಮಾಡಿಕೊಳ್ಳಿ

ಹಕ್ಕಿ ಬರುವ ಕಾಲವನ್ನು ನಾನು ಹಬ್ಬಗಳ ಮೂಲಕ ನೆನಪಿಡುತ್ತೇನೆ. ಹೊಲದವರ ಜೊತೆ ಮಾತಾಡುವಾಗಲೂ ಇದೇ ಭಾಷೆ ಅನುಕೂಲ.

ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವಲ್ಲ, ಅಲ್ಲಿಂದ ಕಣ್ಣಿಡಲು ಶುರು ಮಾಡಿ. ಬಂಟಿಂಗ್‌ಗಳು ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಗುಜರಾತ್, ರಾಜಸ್ಥಾನದ ಕಡೆ ಇಳಿದಿರುತ್ತವೆ. ಆಮೇಲೆ ನಿಧಾನವಾಗಿ ದಕ್ಷಿಣಕ್ಕೆ ಹರಡುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮಲ್ಲಿ ಹಿಂಗಾರಿ ಜೋಳ ಇನ್ನೂ ಮೊಣಕಾಲೆತ್ತರ ಇರುತ್ತದೆ. ಆಗ ಸಣ್ಣ ಗುಂಪುಗಳು ಮಾತ್ರ ಸಿಗುತ್ತವೆ, ಅವೂ ಹೆಚ್ಚಾಗಿ ಬದುವಿನ ಹುಲ್ಲಿನ ಬೀಜ ಹೆಕ್ಕುತ್ತಿರುತ್ತವೆ.

ಎಳ್ಳ ಅಮಾವಾಸ್ಯೆ ಹೊತ್ತಿಗೆ ಜೋಳ ಹಾಲುಗಾಳಿನ ಹಂತ ದಾಟಿ ಗಟ್ಟಿಯಾಗತೊಡಗುತ್ತದೆ. ಸೀತನಿ (ಸುಟ್ಟ ಎಳೆ ತೆನೆಯ ಕಾಳು) ತಿನ್ನುವ ದಿನಗಳು ಅಂದರೆ ಬಂಟಿಂಗ್‌ಗಳ ದಿನಗಳು ಅಂತಲೇ ಇಟ್ಟುಕೊಳ್ಳಿ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಗುಂಪುಗಳು ದೊಡ್ಡವು. ಶಿವರಾತ್ರಿ ಹೊತ್ತಿಗೆ ಕೊಯ್ಲು ನಡೆದಿರುತ್ತದೆ. ಆಗ ಅವು ತೆನೆ ಬಿಟ್ಟು ನೆಲಕ್ಕೆ ಇಳಿಯುತ್ತವೆ, ಕೊಯ್ದ ಹೊಲದಲ್ಲಿ ಉದುರಿದ ಕಾಳಿಗೆ. ನೋಡಲು ಇದು ಒಳ್ಳೆಯ ಕಾಲ, ಯಾಕೆಂದರೆ ಮರೆ ಮಾಡುವ ಬೆಳೆ ಇರುವುದಿಲ್ಲ. ಹೋಳಿ ಹುಣ್ಣಿಮೆ ದಾಟಿದರೆ ಗುಂಪು ಕರಗುತ್ತಾ ಬರುತ್ತದೆ. ಯುಗಾದಿ ಕಳೆದು ಒಂದೆರಡು ವಾರಕ್ಕೆ ಹೊಲ ಖಾಲಿ.

ಹೆಜ್ಜೆ 3: ಹೊಲ ಆರಿಸಿ

ಮೂರು ವಸ್ತು ಒಟ್ಟಿಗೆ ಇರುವ ಜಾಗ ಹುಡುಕಿ: ಜೋಳ, ಮುಳ್ಳು ಗಿಡ, ನೀರು.

ಜೋಳ ಯಾಕೆ ಅಂತ ಹೇಳಬೇಕಿಲ್ಲ. ಗೋಧಿ ಹೊಲಕ್ಕೂ ಇವು ಇಳಿಯುತ್ತವೆ. ಉತ್ತರ ಭಾರತದ ಕಡೆ ಈ ಹಕ್ಕಿಗೆ ‘ಗಂದಂ’ ಅನ್ನುವ ಹೆಸರಿದೆ. ಫಾರಸಿಯಲ್ಲಿ ಗಂದಂ ಅಂದರೆ ಗೋಧಿ. ನಮ್ಮ ಕಡೆ ಹೆಸರಿಡುವುದಾದರೆ ಜೋಳದ ಹೆಸರೇ ಇಡಬೇಕಿತ್ತು. ಮುಳ್ಳು ಗಿಡ ಬೇಕಿರುವುದು ಆಸರೆಗೆ. ಹೆದರಿದಾಗ, ತಿಂದು ದಣಿದಾಗ, ಸಂಜೆ ಮಲಗುವ ಮುಂಚೆ ಎಲ್ಲವೂ ಜಾಲಿ ಗಿಡಕ್ಕೆ ಹೋಗುತ್ತವೆ. ಮೂರನೆಯದು ನೀರು. ಒಣ ಕಾಳು ತಿನ್ನುವ ಹಕ್ಕಿಗೆ ನೀರು ಬೇಕೇ ಬೇಕು. ಈಗ ಎಲ್ಲೆಡೆ ಕೃಷಿ ಹೊಂಡಗಳಿವೆ, ಹಳ್ಳಗಳಲ್ಲೂ ಅಲ್ಲಲ್ಲಿ ಗುಂಡಿ ನೀರು ನಿಂತಿರುತ್ತದೆ. ಒಂದು ಹೊಂಡದ ಪಕ್ಕ ಸುಮ್ನೆ ಅರ್ಧ ಗಂಟೆ ಕೂತರೆ, ಹೊಲದಲ್ಲಿ ಎರಡು ಗಂಟೆ ಓಡಾಡಿದ್ದಕ್ಕಿಂತ ಚೆನ್ನಾಗಿ ನೋಡಬಹುದು.

ಜಾಗಗಳ ಮಾತಿಗೆ ಬಂದರೆ, ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ಕಡೆಯ ಎರಿ ಭೂಮಿ, ಅಣ್ಣಿಗೇರಿಯಿಂದ ಗದಗದವರೆಗಿನ ಬಯಲು ನನ್ನ ಮೊದಲ ಆಯ್ಕೆ. ಧಾರವಾಡದಿಂದ ಪಶ್ಚಿಮಕ್ಕೆ, ಅಳ್ನಾವರ ಕಡೆ ಹೋದರೆ ಮಲೆನಾಡಿನ ಸೆರಗು ಶುರುವಾಗುತ್ತದೆ. ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಗದಗದವರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುತ್ತೀರಲ್ಲ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ, ಹೋಗುವ ದಾರಿಯಲ್ಲಿ ಹೊಲಗಳ ಪಕ್ಕ ಹತ್ತು ನಿಮಿಷ ಗಾಡಿ ನಿಲ್ಲಿಸಿ. ಎಲ್ಲರೂ ಕೆರೆಗೆ ಓಡುತ್ತಾರೆ. ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ ಅಂತ ಮಕ್ಕಳಿಗೆ ತೋರಿಸುತ್ತಾರೆ. ಅದೇ ರಸ್ತೆಯ ಬದಿಯ ಜೋಳದಲ್ಲಿ ಯುರೋಪಿನ ಹಕ್ಕಿ ಕೂತಿರಬಹುದು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಹಾವೇರಿ ಜಿಲ್ಲೆಯವರು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನ ಹೊಲಗಳಲ್ಲಿ ನೋಡಿ. ಈಗ ಆ ಕಡೆ ಗೋವಿನಜೋಳವೇ (ಮೆಕ್ಕೆಜೋಳ) ಜಾಸ್ತಿ, ಆದ್ದರಿಂದ ಬಿಳಿ ಜೋಳ ಎಲ್ಲಿ ಬಿತ್ತಿದ್ದಾರೆ ಅಂತ ಮೊದಲು ವಿಚಾರಿಸಿಕೊಳ್ಳಿ.

ಹೆಜ್ಜೆ 4: ಕೇಳಿ ಹೋಗಿ, ಬದುವಿನ ಮೇಲೇ ನಡೆಯಿರಿ

ಇದನ್ನು ದಯವಿಟ್ಟು ಬಿಡಬೇಡಿ. ನಿಂತ ಬೆಳೆಯೊಳಗೆ ಕಾಲಿಡಬಾರದು. ಹೊಲದಲ್ಲಿ ಯಾರಾದರೂ ಇದ್ದರೆ ಮೊದಲು ಅವರ ಹತ್ತಿರ ಹೋಗಿ ಮಾತಾಡಿಸಿ.

ನಾನು ಆರಂಭದಲ್ಲಿ ಹೇಳಿದ ಆ ದಿನ, ಕವಣಿ ಹಿಡಿದ ಯಜಮಾನರು ಅಟ್ಟದಿಂದ ಇಳಿದು ಬಂದು ಕೇಳಿದರು:

“ಯಾಕ್ರೀ, ಏನ್ ಹುಡಕಾಕತ್ತೀರಿ ಹೊಲದಾಗ?”

“ಹಕ್ಕಿ ನೋಡಾಕ ಬಂದೇನ್ರೀ ಯಜಮಾನ್ರ.”

“ನಾವು ಓಡ್ಸಾಕ ಕುಂತೇವಿ, ನೀವು ನೋಡಾಕ ಬಂದೀರಿ!” ಅಂದು ನಕ್ಕರು. ಆಮೇಲೆ ದುರ್ಬೀನು ಕೇಳಿ ಇಸಿದುಕೊಂಡರು. ಜಾಲಿ ಗಿಡದ ಕಡೆ ಬಹಳ ಹೊತ್ತು ನೋಡಿದರು. “ಅಯ್ಯ, ತಲಿ ಕರ್ರಗೈತಲ್ಲೋ ಇದರದು! ಇಷ್ಟು ವರ್ಷ ಹಳದಿ ಗುಬ್ಬಿ ಅನ್ಕೋತ ಬಂದೇವಿ” ಅಂದರು. ಇದು ಟರ್ಕಿ, ಗ್ರೀಸ್ ಕಡೆಯಿಂದ ಬರುವ ಹಕ್ಕಿ ಅಂತ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲಿ ಜ್ವಾಳ ಬೆಳಿಯೂದಿಲ್ಲೇನ್ರಿ?” ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಲಿ ಚಳಿಗಾಲಕ್ಕೆ ಬೀಜ, ಕಾಳು ಸಿಗುವುದು ಕಷ್ಟ, ಚಳಿ, ಹಿಮ, ಹಗಲೂ ಗಿಡ್ಡ. ಅದಕ್ಕೇ ಬರುತ್ತವೆ ಅಂದೆ. ಹೊರಡುವಾಗ ಅವರು ಬೂದಿಯಲ್ಲಿ ಸುಟ್ಟ ತೆನೆ ಉಜ್ಜಿ ಸೀತನಿ ಮಾಡಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ಕೈಗಿಟ್ಟರು.

ರೈತರಿಗೆ ಈ ಹಕ್ಕಿಯಿಂದ ನಷ್ಟ ಆಗುತ್ತದೆ. ಅದನ್ನು ಮುಚ್ಚಿಡಬಾರದು. ಮುನ್ನೂರು ಹಕ್ಕಿ ಬೆಳಗಿನಿಂದ ಒಂದೇ ಹೊಲದಲ್ಲಿ ಕೂತರೆ ತೆನೆ ಬೋಳಾಗುತ್ತದೆ. ಸುತ್ತ ಎಲ್ಲರೂ ಜೋಳ ಬಿತ್ತಿದ್ದರೆ ಆ ನಷ್ಟ ಹಂಚಿಹೋಗುತ್ತದೆ. ಈಗ ಒಬ್ಬರು ಕಡಲೆ, ಒಬ್ಬರು ಗೋವಿನಜೋಳ, ಒಬ್ಬರು ಹತ್ತಿ. ನಡುವೆ ಒಂದೇ ಒಂದು ಜೋಳದ ಹೊಲ ಉಳಿದರೆ ಅಷ್ಟೂ ಹಕ್ಕಿ ಅದಕ್ಕೇ ಬೀಳುತ್ತವೆ. ಹಾಗಾಗಿ ಅವರೂ ಮುಂದಿನ ವರ್ಷ ಜೋಳ ಬಿಡುತ್ತಾರೆ. ಕವಣಿ ಬೀಸುವುದು, ಡಬ್ಬಿ ಬಡಿಯುವುದು, ಬೆರ್ಚಪ್ಪ ನಿಲ್ಲಿಸುವುದು, ಮಿಂಚುವ ರಿಬ್ಬನ್ ಕಟ್ಟುವುದು, ಇವೆಲ್ಲ ಹಳೆಯ, ನ್ಯಾಯವಾದ ದಾರಿಗಳು. ಅವರು ಓಡಿಸುವಾಗ ಬೇಡ ಅನ್ನುವ ಹಕ್ಕು ನೋಡಲು ಬಂದ ನಮಗಿಲ್ಲ. ಆದರೆ ಬಲೆ ಹಾಕಿ ಹಿಡಿಯುವುದು, ವಿಷ ಇಡುವುದು ಬೇರೆ ಮಾತು. ಕಾಡು ಹಕ್ಕಿಯನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಂತೆಯಲ್ಲಿ ಪಂಜರದೊಳಗೆ ಇಂಥ ಹಕ್ಕಿ ಕಂಡರೆ ಬಿಡಿಸಬೇಕು ಅಂತ ಕೊಳ್ಳಬೇಡಿ. ಕೊಂಡರೆ ಮತ್ತೆ ಹಿಡಿದು ತರುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ.

ಹೆಜ್ಜೆ 5: ಗುರುತು ಹಿಡಿಯಿರಿ

ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೆಯದು. ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪು ತಲೆಯದ್ದಾಗಿ ಕಾಣುತ್ತದೆ. ದುರ್ಬೀನು ಎಂಟು ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ.

ಗಂಡು ಸುಲಭ. ತಲೆ ಕಪ್ಪು, ಬೆನ್ನು ಕಂದುಗೆಂಪು, ಗಂಟಲಿನಿಂದ ಬಾಲದ ಬುಡದವರೆಗೆ ಅಚ್ಚ ಹಳದಿ. ಊರ ಗುಬ್ಬಿಗಿಂತ ಸ್ವಲ್ಪ ಉದ್ದ, ಸುಮಾರು 17 ಸೆಂಟಿಮೀಟರ್. ಬಾಲವೂ ಉದ್ದ. ಕೊಕ್ಕು ಬೂದು ಬಣ್ಣದ್ದು, ದಪ್ಪ, ಶಂಕುವಿನ ಆಕಾರ.

ಆ ಕೊಕ್ಕಿನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಕ್ಕಿ ತೆನೆಯ ಕತ್ತನ್ನು ಕಾಲಲ್ಲಿ ಹಿಡಿದು ಕೂರುತ್ತದೆ. ತೆನೆ ಭಾರಕ್ಕೆ ಬಾಗಿ ತೂಗುತ್ತದೆ. ತಲೆ ಕೆಳಗೆ ಮಾಡಿ ಒಂದು ಕಾಳು ಕಿತ್ತುಕೊಳ್ಳುತ್ತದೆ. ನುಂಗುವುದಿಲ್ಲ. ಕೊಕ್ಕಿನ ಅಂಚಿಗೆ ತಳ್ಳಿ, ಕೆಳಕೊಕ್ಕನ್ನು ಆಚೀಚೆ ಆಡಿಸಿ ಒತ್ತುತ್ತದೆ. ಕಾಳು ಪಟ್ಟನೆ ಒಡೆಯುತ್ತದೆ. ತೌಡು ಕೊಕ್ಕಿನ ಪಕ್ಕದಿಂದ ಉದುರುತ್ತದೆ, ಎದೆಯ ಹಳದಿ ಗರಿಗೆ ಬಿಳಿ ಹಿಟ್ಟು ಅಂಟುತ್ತದೆ. ನಾಲ್ಕೈದು ಕಾಳಿಗೊಮ್ಮೆ ಕೊಕ್ಕನ್ನು ದಂಟಿಗೆ ಒರೆಸಿಕೊಳ್ಳುತ್ತದೆ, ನಮ್ಮವರು ಊಟ ಮಾಡಿ ಕೈ ಒರೆಸಿಕೊಂಡ ಹಾಗೆ.

ಹೆಣ್ಣು ಕಷ್ಟ. ಮೇಲೆ ಮಾಸಲು ಕಂದು, ಸಣ್ಣ ಗೆರೆ. ಕೆಳಗೆ ತೆಳು ಹಳದಿ ಇಲ್ಲವೇ ಕೆನೆ ಬಣ್ಣ. ಮೊದಲ ನೋಟಕ್ಕೆ ಏನೂ ಅನ್ನಿಸುವುದಿಲ್ಲ. ಹೆಣ್ಣಿಗೂ ಎಳೆಯ ಹಕ್ಕಿಗೂ ನೋಡಬೇಕಾದ ಜಾಗ ಒಂದೇ: ಬಾಲದ ಬುಡದ ಕೆಳಭಾಗ. ಅಲ್ಲಿ ಹಳದಿ ಇದ್ದರೆ ಬಂಟಿಂಗ್ ಅಂತ ಧೈರ್ಯವಾಗಿ ಯೋಚಿಸಬಹುದು.

ಈಗ ಗೊಂದಲ ಮಾಡುವವರ ವಿಚಾರ. ಹಳದಿ ಕಂಡ ಕೂಡಲೇ ಗೀಜಗ ಅನ್ನುವವರೇ ಜಾಸ್ತಿ. ನಾನೂ ಮೊದಲ ವರ್ಷ ಹಾಗೇ ಬರೆದಿಟ್ಟಿದ್ದೆ. ಆದರೆ ಗೀಜಗದ ಗಂಡು ಹಳದಿಯಾಗುವುದು ಮಳೆಗಾಲದಲ್ಲಿ, ಗೂಡು ನೇಯುವಾಗ. ಚಳಿಗಾಲದಲ್ಲಿ ಅದು ಹೆಣ್ಣಿನ ಹಾಗೇ ಮಾಸಲು ಕಂದು, ಮೋಟು ಬಾಲ. ಜಾಲಿ ಗಿಡದಲ್ಲಿ ತೂಗುವ ಗೂಡು ಇದ್ದರೆ ಅದು ಹೆಚ್ಚಾಗಿ ಗೀಜಗದ್ದು. ಬಂಟಿಂಗ್ ಇಲ್ಲಿ ಗೂಡು ಕಟ್ಟುವುದೇ ಇಲ್ಲ.

ಎರಡನೆಯದು ಹಳದಿ ಕತ್ತಿನ ಗುಬ್ಬಿ. ಇದು ನಿಜವಾಗಿಯೂ ಗುಬ್ಬಿ ಮನೆತನದ್ದು. ಮೈಯೆಲ್ಲ ಬೂದುಗಂದು, ಗಂಟಲ ಕೆಳಗೆ ಮಾತ್ರ ಅರಿಶಿನ ಹಚ್ಚಿದ ಹಾಗೆ ಒಂದು ಚುಕ್ಕೆ, ಗಂಡಿನ ಹೆಗಲ ಮೇಲೆ ಕಂದುಗೆಂಪು ಪಟ್ಟಿ. ಹುಡುಗನಾಗಿದ್ದಾಗ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಅವರು ಹೊಡೆದು, ಏನಿದು ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದ ಹಕ್ಕಿ ಇದೇ. ಅಲ್ಲಿಂದ ಅವರ ಬದುಕಿನ ದಾರಿಯೇ ತಿರುಗಿತು. ನಮ್ಮಲ್ಲಿ ಇದು ಇಡೀ ವರ್ಷ ಇರುತ್ತದೆ. ಆದರೆ ಟರ್ಕಿ, ಇರಾಕ್, ಇರಾನ್ ಕಡೆಯ ಇದೇ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ಪೂರ್ವಕ್ಕೆ ವಲಸೆ ಬರುತ್ತವೆ. ಗುಬ್ಬಿಯೂ ವಲಸೆ ಹೋಗುತ್ತದೆಯಾ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ.

ಮೂರನೆಯದು ನಿಜವಾದ ತಲೆನೋವು: ಕೆಂಪುತಲೆ ಬಂಟಿಂಗ್. ಇದು ಕಜಕಿಸ್ತಾನದಂಥ ಮಧ್ಯ ಏಷ್ಯಾದ ನಾಡುಗಳಿಂದ ಬರುತ್ತದೆ, ಒಮ್ಮೊಮ್ಮೆ ಅದೇ ಗುಂಪಿನಲ್ಲಿ ಸೇರಿಕೊಳ್ಳುತ್ತದೆ. ಗಂಡಿನ ಮುಖ, ಗಂಟಲು ಕಂದುಗೆಂಪು, ಬೆನ್ನು ಹಸಿರು ಮಿಶ್ರಿತ. ಗಂಡುಗಳನ್ನು ಬೇರೆ ಮಾಡಬಹುದು. ಹೆಣ್ಣುಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಸೊಂಟದ ಮೇಲ್ಭಾಗದಲ್ಲಿ ಕಂದುಗೆಂಪು ಛಾಯೆ ಇದ್ದರೆ ಕರಿತಲೆ, ಹಸಿರು-ಹಳದಿ ಇದ್ದರೆ ಕೆಂಪುತಲೆ ಅಂತ ಹೇಳುತ್ತಾರೆ. ಉತ್ತರ ಇರಾನ್‌ನಲ್ಲಿ ಇವೆರಡೂ ಜಾತಿ ಸೇರುವ ಕಡೆ ಮಿಶ್ರ ಮರಿಗಳೂ ಹುಟ್ಟುತ್ತವೆ. ಆದ್ದರಿಂದ ನನ್ನ ನಿಯಮ ಇಷ್ಟು: ಹೆಣ್ಣು ಒಂಟಿಯಾಗಿ ಕಂಡರೆ ‘ಬಂಟಿಂಗ್, ಹೆಣ್ಣು’ ಅಂತ ಬರೆದು ನಿಲ್ಲಿಸುವುದು. ಊಹೆ ಮಾಡಿ ಹೆಸರು ತುಂಬಿದರೆ ಮುಂದೆ ಆ ದಾಖಲೆ ನೋಡುವವರಿಗೆ ಮೋಸ ಮಾಡಿದ ಹಾಗೆ.

ಇನ್ನೊಂದು ಸಣ್ಣ ಗುರುತು. ಹಾರುವಾಗ ಬಾಲದ ಅಂಚು ನೋಡಿ. ಬೇರೆ ಅನೇಕ ಬಂಟಿಂಗ್‌ಗಳಿಗೆ ಅಲ್ಲಿ ಬಿಳಿ ಗೆರೆ ಇರುತ್ತದೆ. ಈ ಎರಡಕ್ಕೆ ಇಲ್ಲ. ಕಲ್ಲು ಗುಡ್ಡದ ಒಣ ಇಳಿಜಾರಿನಲ್ಲಿ, ಕೊಕ್ಕು ಗುಲಾಬಿ, ತಲೆ ಬೂದು, ಬಾಲದಂಚು ಬಿಳಿ ಇರುವುದು ಸಿಕ್ಕರೆ ಅದು ಬೂದುಕತ್ತಿನ ಬಂಟಿಂಗ್. ಅದೂ ಚಳಿಗಾಲಕ್ಕೆ ಬರುವುದೇ.

ಹೆಜ್ಜೆ 6: ತಲೆ ಕಪ್ಪಾಗುವುದನ್ನು ನೋಡಿ

ನನಗೆ ಬಹಳ ಇಷ್ಟವಾದ ಭಾಗ ಇದು. ಇದಕ್ಕೆ ಒಂದೇ ಹೊಲಕ್ಕೆ ಕನಿಷ್ಠ ಮೂರು ಸಲ ಹೋಗಬೇಕು: ಡಿಸೆಂಬರ್ ಆರಂಭ, ಜನವರಿ ಕೊನೆ, ಮಾರ್ಚ್ ನಡುವೆ.

ಡಿಸೆಂಬರ್‌ನಲ್ಲಿ ಗಂಡಿನ ತಲೆ ಪೂರ್ತಿ ಕಪ್ಪಾಗಿ ಕಾಣುವುದಿಲ್ಲ. ಧೂಳು ಬಿದ್ದ ಕರಿ ಹಲಗೆಯ ಹಾಗಿರುತ್ತದೆ. ಒಳಗಿನ ಗರಿ ಕಪ್ಪೇ, ಆದರೆ ಪ್ರತಿ ಗರಿಯ ತುದಿಗೆ ಒಂದು ಮಾಸಲು ಅಂಚು. ಆ ಅಂಚುಗಳು ಒಂದರ ಮೇಲೊಂದು ಬಿದ್ದು ಕಪ್ಪನ್ನು ಮುಚ್ಚಿರುತ್ತವೆ. ದಿನ ಕಳೆದ ಹಾಗೆ ಅಂಚು ಸವೆಯುತ್ತದೆ. ಗಾಳಿಗೆ, ಬಿಸಿಲಿಗೆ, ಜೋಳದ ರವದಿಗೆ, ಜಾಲಿ ಮುಳ್ಳಿಗೆ ತಾಕಿ ತಾಕಿ ಸವೆಯುತ್ತದೆ. ಸವೆದಷ್ಟೂ ಕಪ್ಪು ಹೊರಬೀಳುತ್ತದೆ. ಮಾರ್ಚ್‌ನಲ್ಲಿ ನೋಡಿದರೆ ಹೊಸದಾಗಿ ಎಣ್ಣೆ ಹಚ್ಚಿದ ಹಾಗೆ ಮಿಂಚುವ ಕರಿತಲೆ. ಬಟ್ಟೆ ಹಳೆಯದಾದರೆ ಬಣ್ಣ ಹೋಗುತ್ತದೆ. ಈ ಹಕ್ಕಿಗೆ ಹಳೆಯದಾದ ಮೇಲೆಯೇ ಬಣ್ಣ ಬರುತ್ತದೆ. ಅಲ್ಲಿ ಟರ್ಕಿಯ ದ್ರಾಕ್ಷಿ ತೋಟದಲ್ಲಿ ಹೆಣ್ಣಿನ ಮುಂದೆ ತೋರಿಸುವ ಬೆಡಗು ತಯಾರಾಗುವುದು ನಮ್ಮ ಎರಿ ಹೊಲದಲ್ಲಿ.

ಮನೆಯ ಹತ್ತಿರ ಗುಬ್ಬಿ ಇದ್ದರೆ ಇದೇ ಕೆಲಸವನ್ನು ಅಲ್ಲೂ ನೋಡಬಹುದು. ಗಂಡು ಗುಬ್ಬಿಯ ಗಂಟಲಿನ ಕಪ್ಪು ಮಚ್ಚೆಯೂ ಗರಿಯ ಅಂಚು ಸವೆದು ದೊಡ್ಡದಾಗುವಂಥದ್ದೇ.

ದಿನಾಂಕ ಬರೆದು, ಪ್ರತಿ ಸಲ ಹತ್ತು ಗಂಡುಗಳನ್ನು ಗಮನಿಸಿ. ತಲೆ ಕಾಲುಭಾಗ ಕಪ್ಪು, ಅರ್ಧ, ಪೂರ್ತಿ ಅಂತ ಮೂರು ಕಾಲಂ ಸಾಕು. ಶಾಲೆ ಮಕ್ಕಳೂ ಇದನ್ನು ಚೆನ್ನಾಗಿ ಮಾಡುತ್ತಾರೆ.

ಹೆಜ್ಜೆ 7: ಎಣಿಸಿ

ಹಾರುವ ಗುಂಪನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು ಗುಂಪಿನ ಒಂದು ಮೂಲೆಯಲ್ಲಿ ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಳತೆ ಮಾಡಿ. ಅಂಥ ತುಂಡುಗಳು ಒಟ್ಟು ಎಷ್ಟು ಅಂತ ನೋಡಿ. ಗುಂಪು ಬಹಳ ದೊಡ್ಡದಿದ್ದರೆ ಐವತ್ತರ ತುಂಡು ಮಾಡಿಕೊಳ್ಳಿ. ಕರೆಂಟಿನ ತಂತಿಯ ಮೇಲೆ ಕೂತಾಗ ಸುಲಭ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಜಾಲಿ ಗಿಡಗಳ ಹತ್ತಿರ ನಿಂತರೆ, ಬೇರೆ ಬೇರೆ ಹೊಲದಿಂದ ಬರುವ ಗುಂಪುಗಳನ್ನು ಬರುಬರುತ್ತಲೇ ಎಣಿಸಬಹುದು.

ಎಣಿಸುವಾಗ ಗುಂಪು ಕಾರಣವಿಲ್ಲದೆ ಎದ್ದರೆ ತಲೆ ಎತ್ತಿ ನೋಡಿ. ಹೊಲದ ಮೇಲೆ ತಗ್ಗಾಗಿ, ರೆಕ್ಕೆ ಮೇಲಕ್ಕೆ ಹಿಡಿದು ತೇಲುತ್ತಾ ಬರುವ ಬೇಟೆ ಹಕ್ಕಿ ಕಾಣಬಹುದು. ಕನ್ನಡದಲ್ಲಿ ಅದಕ್ಕೆ ಸೆಳೆವ ಅನ್ನುತ್ತಾರೆ. ಅದೂ ಚಳಿಗಾಲಕ್ಕೆ ದೂರದ ಹುಲ್ಲುಗಾವಲುಗಳಿಂದ ಬಂದದ್ದು. ಕಾಳಿನ ಹಿಂದೆ ಬಂಟಿಂಗ್, ಬಂಟಿಂಗ್‌ನಂಥ ಹಕ್ಕಿಗಳ ಹಿಂದೆ ಸೆಳೆವ.

ಹೆಜ್ಜೆ 8: ಬರೆದಿಡಿ

ದಿನಾಂಕ, ಸಮಯ, ಊರು, ಹೊಲದ ಬೆಳೆ, ಬೆಳೆಯ ಹಂತ, ಗಂಡೆಷ್ಟು, ಹೆಣ್ಣೆಷ್ಟು, ಗುರುತು ಸಿಗದವು ಎಷ್ಟು. ಇಷ್ಟಿದ್ದರೆ ಸಾಕು. ಬೆಳೆಯ ಹೆಸರು ಮರೆಯಬೇಡಿ. ಜೋಳದ ಜಾಗಕ್ಕೆ ಬೇರೆ ಬೆಳೆ ಬರುತ್ತಿರುವ ಈ ಕಾಲದಲ್ಲಿ ಅದು ಹಕ್ಕಿಯ ಎಣಿಕೆಯಷ್ಟೇ ಮುಖ್ಯ. ಮೊಬೈಲಿನಲ್ಲಿ ಈ-ಬರ್ಡ್ ಆ್ಯಪ್ ಹಾಕಿಕೊಂಡರೆ ನಿಮ್ಮ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ. ನಮ್ಮ ಬಂಟಿಂಗ್‌ಗಳಿಗೆ ಅದು ಹೇಳಿಮಾಡಿಸಿದ ಸಮಯ. ಆದರೆ ಅದರಲ್ಲಿ ಭಾಗವಹಿಸುವ ಹೆಚ್ಚಿನವರು ಊರೊಳಗಿನ ಕೆರೆ, ಕ್ಯಾಂಪಸ್ ಸುತ್ತುತ್ತಾರೆ. ಉಣಕಲ್, ಕೆಲಗೇರಿ ಕೆರೆಗಳಿಗೆ ಒಂದು ದಿನ ಕೊಡಿ, ಹೊಲಕ್ಕೆ ಒಂದು ದಿನ ಕೊಡಿ.

ಹೆಜ್ಜೆ 9: ಹೋಗುವ ದಿನಗಳನ್ನು ಕಾಯಿರಿ

ಮಾರ್ಚ್ 20 ವಿಶ್ವ ಗುಬ್ಬಿ ದಿನ. 2010ರಿಂದ ಆಚರಿಸುತ್ತಿದ್ದೇವೆ. ಅಂದು ಮನೆಗಳಲ್ಲಿ ನೀರಿಡುತ್ತೇವೆ, ಗೂಡಿನ ಪೆಟ್ಟಿಗೆ ಕಟ್ಟುತ್ತೇವೆ. ಅದೇ ವಾರ ಹಗಲು, ರಾತ್ರಿ ಸಮ ಆಗುತ್ತವೆ. ಅಲ್ಲಿಂದ ಹಗಲು ಹನ್ನೆರಡು ಗಂಟೆ ದಾಟಿ ಬೆಳೆಯುತ್ತದೆ. ನಮಗೆ ಅದು ಬೇಸಿಗೆ ಶುರು. ಬಂಟಿಂಗ್‌ಗೆ ಅದು ಹೊರಡುವ ಕರೆ.

ಇದನ್ನು ಕಂಡುಕೊಳ್ಳುವುದರಲ್ಲಿ ನಮ್ಮ ದೇಶದ ವಿಜ್ಞಾನಿಗಳ ಪಾಲು ದೊಡ್ಡದು. ವಾರಣಾಸಿ, ಲಖನೌ ವಿಶ್ವವಿದ್ಯಾಲಯಗಳಲ್ಲಿ ದಶಕಗಳ ಕಾಲ ಕರಿತಲೆ, ಕೆಂಪುತಲೆ ಬಂಟಿಂಗ್‌ಗಳ ಮೇಲೆ ಅಧ್ಯಯನ ನಡೆದಿದೆ. ಕೋಣೆಯೊಳಗೆ ದೀಪ ಹಾಕಿ ಹಗಲನ್ನು ಉದ್ದ ಮಾಡಿದರೆ ಹಕ್ಕಿ ಜಾಸ್ತಿ ತಿನ್ನುತ್ತದೆ, ಕೊಬ್ಬು ತುಂಬಿಕೊಳ್ಳುತ್ತದೆ, ರಾತ್ರಿಯಿಡೀ ಪಂಜರದಲ್ಲಿ ರೆಕ್ಕೆ ಬಡಿದು ಚಡಪಡಿಸುತ್ತದೆ. ಹಗಲು ಗಿಡ್ಡವಿಟ್ಟರೆ ಏನೂ ಆಗುವುದಿಲ್ಲ, ಸುಮ್ನೆ ಇರುತ್ತದೆ. ಅಂದರೆ ಹೊರಡುವ ಸಮಯ ಹೇಳುವುದರಲ್ಲಿ ಸೆಕೆಗಿಂತ, ಕಾಳು ಮುಗಿಯುವುದಕ್ಕಿಂತ ಮುಖ್ಯವಾದದ್ದು ಬೆಳಕಿನ ಅಳತೆ. 25 ಗ್ರಾಂ ಆಸುಪಾಸಿನ ಹಕ್ಕಿ ಹೊರಡುವ ಮುಂಚೆ 35 ಗ್ರಾಂ ದಾಟಬಹುದು. ಚರ್ಮದ ಕೆಳಗಿನ ಆ ಕೊಬ್ಬೇ ದಾರಿಯ ಬುತ್ತಿ. ನಮ್ಮವರು ಊರಿಗೆ ಹೊರಟರೆ ಜೋಳದ ರೊಟ್ಟಿ ಕಟ್ಟಿಕೊಳ್ಳುವುದಿಲ್ಲವಾ, ಹಾಗೆ. ಇದರ ಬುತ್ತಿಯೂ ಜೋಳದ್ದೇ.

ಹೋಗುವುದನ್ನು ಕಣ್ಣಾರೆ ನೋಡಲು ಆಗುವುದಿಲ್ಲ. ಅದು ರಾತ್ರಿಯ ಕೆಲಸ. ಸಂಜೆ ಜಾಲಿ ಗಿಡದ ತುಂಬ ಇದ್ದವು ಮರುದಿನ ಬೆಳಗ್ಗೆ ಅರ್ಧ ಇರುತ್ತವೆ. ಹಾಗಾಗಿ ಮಾರ್ಚ್ ಮೂರನೇ ವಾರದಿಂದ ಒಂದೇ ಜಾಗಕ್ಕೆ ಎರಡು-ಮೂರು ದಿನಕ್ಕೊಮ್ಮೆ ಹೋಗಿ. ದಾರಿ ದೂರವಾದರೆ ಆ ಹೊಲದವರಿಗೇ ಫೋನ್ ಮಾಡಿ ಕೇಳಿ. ನಾನು ಹಾಗೇ ಮಾಡುತ್ತೇನೆ. ಕಳೆದ ಸಲ ಏಪ್ರಿಲ್ ಮೊದಲ ವಾರ ಆ ಯಜಮಾನರು ತಾವೇ ಫೋನ್ ಮಾಡಿದ್ದರು. “ನಿಮ್ಮ ಹಕ್ಕಿ ಹೋದ್ವು ನೋಡ್ರಿ. ನಿನ್ನೆ ಸಂಜಿಮುಂದ ಒಂದ್ ಹನ್ನೆರಡ ಇದ್ವು, ಇವತ್ತ ಒಂದೂ ಇಲ್ಲ” ಅಂದರು. ಕಾಳು ಉಳಿದದ್ದಕ್ಕೆ ಸಮಾಧಾನವೋ ಏನೋ ಅಂದುಕೊಂಡರೆ, “ಇನ್ನ ಯಾವಾಗ ಬರ್ತಾವ್ರಿ?” ಅಂತ ಕೇಳಿದರು. ಶೀಗಿ ಹುಣ್ಣಿಮೆ ಆದ ಮ್ಯಾಲ ಅಂದೆ.

ಕೊನೆಯ ಹಕ್ಕಿ ಹೋದ ಮೇಲೂ ಇನ್ನೂ ಎರಡು ವಾರ ನೋಟ್‌ಬುಕ್ ಮುಚ್ಚಬೇಡಿ. ಹೋಗಿ, ನೋಡಿ, ‘ಇಲ್ಲ’ ಅಂತ ದಿನಾಂಕ ಹಾಕಿ ಬರೆಯಿರಿ. ಎಂದು ಹೋದವು ಅನ್ನುವುದು ಆ ‘ಇಲ್ಲ’ಗಳಿಂದಲೇ ಗೊತ್ತಾಗುವುದು.